ಮೂರು ದಿಮ್ಮಿಗಳ ಸಾಕ್ಷಿ

ಬಸವಂತಪ್ಪನವರು ಎದುರಿಗೆ ಬಂದವರ ಮುಖ ನೋಡುವ ಮೊದಲು ಬೂಟು ನೋಡುತ್ತಾರೆ. ಅಂಚಿಗಂಟಿದ ಮಣ್ಣು ಕಂಡರೆ ಸಾಕು, ನದೀತೀರದ ಹುಲ್ಲುಗಾವಲಿನಿಂದ ಬಂದಿರೋ, ಮರಳುನೆಲದ ಕಾಡಿನಿಂದ ಬಂದಿರೋ ಎಂದು ನಿಂತಲ್ಲೇ ಹೇಳುತ್ತಾರೆ. ಹೆಸರು ಕೇಳುವುದು ಆಮೇಲೆ. ನೆದರ್ಲೆಂಡಿನ ವಾಗೆನಿಂಗನ್ನಿನಲ್ಲಿ ಮೂವತ್ತು ವರ್ಷ ಮಣ್ಣನ್ನು ಅಭ್ಯಸಿಸಿದ ಈ ವಿಜ್ಞಾನಿ ತಲೆ ತಗ್ಗಿಸಿ ನಡೆಯುವುದು ಸಂಕೋಚದಿಂದಲ್ಲ ಎಂಬುದು ಹೆಂಡತಿ ಕಮಲವ್ವನಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು. ಅವರ ಬೂದುಬಣ್ಣದ ಕೋಟಿನ ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಯಾವುದೋ ಹೊಲದ ಹೆಂಟೆ; ಆ ಕೋಟನ್ನು ತೊಳೆಯಲೂ ಆಕೆಗೆ ಅವರ ಅಪ್ಪಣೆ ಬೇಕು.

ಚೀನೀ ಸೈನ್ಯದ ಒಂದು ಟ್ಯಾಂಕ್ ದಳದ ಚರಿತ್ರೆಗೆ ಅವರು ಬಿದ್ದದ್ದೂ ಮಣ್ಣಿನ ದೆಸೆಯಿಂದಲೇ. ಕೊರಿಯಾ ಯುದ್ಧದಲ್ಲಿ ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತ ಟ್ಯಾಂಕಿನ ಚಿತ್ರವೊಂದು ಕೈಗೆ ಸಿಕ್ಕಿ, ಎರೆಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದು ಬೆಳೆದ ಜೀವ ಅಲ್ಲಿಯೇ ಸಿಕ್ಕಿಕೊಂಡಿತು. ಊಟದ ಬಿಡುವಿನಲ್ಲಿ ಸಹೋದ್ಯೋಗಿಯಿಂದ ಚೀನೀ ಅಕ್ಷರ ಕಲಿತರು. ಆ ದಳದ ಚರಿತ್ರೆ ಬರೆಯಲು ಕೂತು, ಗಾಡಿಗೊಂದು, ಮನುಷ್ಯನಿಗೊಂದು ಟಿಪ್ಪಣಿಯ ಚೀಟಿ ಮಾಡಿಟ್ಟರು. ಎರಡು ಸಾಕ್ಷಿಯಿಲ್ಲದೆ ಒಂದು ಸಾಲೂ ಬರೆಯರು. ಟ್ರ್ಯಾಕ್ಟರನ್ನೂ ಕಂಡಿರದ ರೈತರ ಮಕ್ಕಳು, ಸೋತ ಸೈನ್ಯಗಳು ಬಿಟ್ಟುಹೋದ ಗಾಡಿಗಳನ್ನು ಹತ್ತಿ, ತಡವುತ್ತ ತಪ್ಪುತ್ತ ಒಂದು ದಳವನ್ನೇ ಕಟ್ಟಿದರೆಂದು ಹೇಳುವಾಗ ಗುಡಿಯೊಳಗೆ ಮಾತಾಡುವವರಂತೆ ಅವರ ದನಿ ತಗ್ಗುತ್ತಿತ್ತು.

“ಮಗಳ ಫೋನ್ ನಂಬರ್ ಕೇಳಿದ್ರ ತಡವರಸ್ತೀರಿ, ಚೀನಾದ ಗಾಡಿ ನಂಬರ್ ಮಾತ್ರ ಬಾಯಿಪಾಠ” ಎಂದು ಕಮಲವ್ವ ಹಂಗಿಸುವಳು. ಹೊರಗೆ ಮಾತ್ರ ಹೆಮ್ಮೆಯಿಂದ ಹೇಳಿಕೊಳ್ಳುವಳು. ಹನ್ನೊಂದು ವರ್ಷದ ಬರಹ ಅಚ್ಚಿಗೆ ಹೋಗಲು ವಾರವಿದ್ದಾಗ, ಕರಿಬೇವು ಕೊಳ್ಳುವ ತೋಕೊದಲ್ಲಿ, ಅಂದರೆ ಅಲ್ಲಿನ ಏಷ್ಯಾ ದಿನಸಿಯ ಅಂಗಡಿಯಲ್ಲಿ, ಹಾಗೆ ಹೇಳಿಕೊಂಡದ್ದೇ ನೆಪವಾಯಿತು. ಅಂಗಡಿಯ ಯು ಫೆನ್ ಮರುದಿನವೇ ಮನೆಗೆ ಬಂದಳು. ಗಾಡಿ ನಂಬರಿನಿಂದ ಅವಳು ಗುರುತಿಸಿದ್ದಳು: ಚಿತ್ರದಲ್ಲಿದ್ದ ಟ್ಯಾಂಕನ್ನು ಓಡಿಸಿದವನು ಅವಳ ತಂದೆ. ಗಾಡಿ ಹೂತೊಡನೆ ಓಡಿಹೋದ ಹೇಡಿ ಎಂದು ದಳದ ವರದಿ ಹೇಳಿತ್ತು. ಆ ಹೆಸರು ಹೊತ್ತೇ ಆತ ಸತ್ತಿದ್ದ. ಬಸವಂತಪ್ಪನವರ ಬರಹದಲ್ಲೂ ಅದೇ ಸಾಲಿತ್ತು. ತೆಗೆದುಬಿಡಿ ಎಂದು ಅವಳು ಬೇಡಿದಳು. ಕನಿಕರಕ್ಕಾಗಿ ಚರಿತ್ರೆ ತಿದ್ದಲಾಗದೆಂದು ಅವರು ಡಚ್ಚಿನಲ್ಲಿ ಮೆಲ್ಲಗೆ ಹೇಳಿದರು. ಕಮಲವ್ವ ಅಂದು ಅವರ ತಟ್ಟೆಗೆ ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ.

ಆದರೆ ಚೀಟಿ ತೆಗೆದು ನೋಡಿದಾಗ ಆ ಸಾಲಿಗೆ ಒಂದೇ ಸಾಕ್ಷಿಯಿತ್ತು. ನಾಲ್ಕು ದಿನ ಅವರು ಕಿಟಕಿಯ ಬೆಳಕಿನಲ್ಲಿ ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ಕೂತರು. ಐದನೆಯ ಬೆಳಿಗ್ಗೆ ಹೆಂಡತಿಯನ್ನು ಕರೆದರು. ಟ್ಯಾಂಕಿನ ಹಿಂದೆ ಬಿದ್ದಿದ್ದ ಮೂರು ದಿಮ್ಮಿಗಳನ್ನು ಅವರು ಅಷ್ಟು ವರ್ಷ ಮುರಿದ ಸೇತುವೆಯವೆಂದೇ ತಿಳಿದಿದ್ದರು. ಈಗ ನೋಡಿದರೆ ಮೂರರ ಮೈಮೇಲೂ ಸರಪಳಿ ಉಜ್ಜಿದ ಗಾಯ. ಟ್ಯಾಂಕಿನ ಉಕ್ಕಿನ ಪಟ್ಟಿಗಳಡಿ ಸಿಕ್ಕಿ ಸೀಳಿದ ತೊಗಟೆ. ಮುಂದಕ್ಕೂ ಹಿಂದಕ್ಕೂ ಮತ್ತೆ ಮತ್ತೆ ಅಗೆದ ಕೆಸರು. ಹೂತ ಗಾಡಿಯನ್ನು ಮೇಲೆತ್ತಲು ಪಟ್ಟಿಗಳಿಗೆ ದಿಮ್ಮಿ ಬಿಗಿದು ಓಡಿಸಿದ ಗುರುತುಗಳಿವು.

“ಓಡಿ ಹೋಗಾಂವ ಮೂರು ಸಲ ದಿಮ್ಮಿ ಕಟ್ಟಂಗಿಲ್ಲ” ಎಂದರು. ಭೂತಗನ್ನಡಿ ಕೆಳಗಿಟ್ಟು, “ನಾ ಕಾಗದ ಓದಿದೆ, ಮಣ್ಣು ಓದಲಿಲ್ಲ ನೋಡು.”

ಕೋಟು ತೊಟ್ಟು, ಚಿತ್ರ ಹಿಡಿದು ತಾವೇ ಅಂಗಡಿಗೆ ನಡೆದರು; ಕಮಲವ್ವ ಹಿಂದೆ ಹೋದಳು. ತಪ್ಪು ತಮ್ಮದೆಂದು ಗಿರಾಕಿಗಳೆದುರೇ ಒಪ್ಪಿಕೊಂಡು ಹೊಸ ಸಾಲನ್ನು ಓದಿದರು: ಗಾಡಿಯನ್ನು ಎತ್ತಲು ಚಾಲಕ ಕನಿಷ್ಠ ಮೂರು ಬಾರಿ ಯತ್ನಿಸಿದ. ಶೂರನೆಂದೂ ಬರೆಯಬಾರದೇ ಎಂದು ಯು ಫೆನ್ ಕೇಳಿದಳು. ಮಣ್ಣು ಅಷ್ಟು ಹೇಳುವುದಿಲ್ಲ ಎಂದರು ಅವರು. ಅವಳು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ದಿಮ್ಮಿಯ ಮೇಲೆ ಬೆರಳಿಟ್ಟಳು, ಎರಡನೆಯದರ ಮೇಲಿಟ್ಟಳು, ಮೂರನೆಯದರ ಮೇಲಿಟ್ಟ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

ಇಂಥವರ ಬಾಯಿಂದ ಹೊಗಳಿಕೆ ಬರುವುದಿಲ್ಲ, ಸಾಂತ್ವನವೂ ಸಲೀಸಾಗಿ ಬರುವುದಿಲ್ಲ. ಕೆಸರಿನಲ್ಲಿ ಕಂಡಷ್ಟನ್ನೇ ಕೊಡುತ್ತಾರೆ, ಒಂದು ಹಿಡಿ ಹೆಚ್ಚಿಲ್ಲ. ಅದಕ್ಕೇ ಇರಬೇಕು, ಅವರು ಕೊಟ್ಟದ್ದನ್ನು ಯಾರೂ ಮತ್ತೆ ಕಸಿಯಲಾರರು.