ವಾಸಿಯಾದ ಗಿಡಗಳು

ಗುಲಾಬಿಗೆ ಕತ್ತರಿ ಹಾಕುವ ಕಾಲ. ತೋಟದ ಆಳುಗಳು ಅರ್ಧ ಸಾಲು ಬಿಟ್ಟು ಬಂದು, ಹೆಣ ಹೊರತರಲು ದಾರಿಯಾಗಲೆಂದು ಹಿರಿಯ ಮಾಲಿಯ ಮನೆಬಾಗಿಲ ಕುಂಡಗಳನ್ನು ಒಂದೊಂದಾಗಿ ಸರಿಸುತ್ತಿದ್ದರು.

“ಮೆಲ್ಲಗಪ್ಪಾ, ಗಿಡ ಅಲುಗಾಡಬಾರದು,” ಎಂದ ತೋಟದ ಮೇಸ್ತ್ರಿ.

ಒಳಗೆ ಗಂಡನ ತಲೆದೆಸೆಯಲ್ಲಿ ಕೂತಿದ್ದವಳಿಗೆ ಅದು ಕೇಳಿಸಿತು. ಇವತ್ತೂ ಮೊದಲು ಗಿಡವೇ, ಅಂದುಕೊಂಡಳು.

ಊರಿಗೆ ಊರೇ ಬಂದಿತ್ತು. ಊರಿಗಿಂತ ಹಳೆಯದೆನ್ನುವ ಆ ತೋಟದಲ್ಲಿ ನಡೆಯಲು ಕಲಿತವರು, ಕದ್ದು ಭೇಟಿಯಾದವರು, ಈಗ ಮುದುಕರಾಗಿ ಬೆಂಚು ಹಿಡಿದವರು.

“ಎಷ್ಟು ನಗಿಸ್ತಿದ್ರು ಅಂತೀರಿ,” ಎಂದರು ಶಾಲೆಯ ಟೀಚರು. “ಒಂದೊಂದು ಮರಕ್ಕೂ ಒಂದೊಂದು ಕತೆ. ಬಾಯಿಗೆ ಬೀಗಾನೇ ಇರ್ಲಿಲ್ಲ.”

“ಹೌದಾ? ಮನೆಗೆ ಬರೋವಾಗ ಹಾಕ್ಕೊಂಡು ಬರ್ತಿದ್ರು.”

ನಾದಿನಿ ಅವಳ ಮೊಣಕೈ ಅದುಮಿದಳು. “ಅತ್ತಿಗೆ, ಇವತ್ತಾದ್ರೂ ಬಿಡಿ.”

\* \* \*

ತೋಟದಲ್ಲಿ ಸೊರಗಿದ ಗಿಡ ಅವಳ ಮನೆಗೆ ಬರುತ್ತಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ನೆರಳು ನೋಡಿ ಸರಿಸುವವಳು, ಹುಳ ಹೆಕ್ಕುವವಳು ಅವಳೇ. ಮೊಗ್ಗು ಬಿರಿಯುವ ಹೊತ್ತಿಗೆ ವಾಪಸ್ ಒಯ್ಯಲು ತೋಟದ ಕೈಗಾಡಿ ಬಂದು ನಿಲ್ಲುತ್ತಿತ್ತು.

“ಇದೊಂದು ಇಲ್ಲೇ ಇರಲಿ ಬಿಡಿ,” ಎಂದಿದ್ದಳು ಒಮ್ಮೆ.

“ಊರಿನ ಸೊತ್ತು ಕಣೇ. ಮುಂದಿನದು ನಿನಗೆ.”

ಬಿಸಿಲು ತಾಗದಿರಲೆಂದು ಅವಳದೇ ಶಾಲನ್ನು ಗಿಡಕ್ಕೆ ಹೊದಿಸಿ ಕೊಂಡೊಯ್ದ. ಅವಳಿಗೆ ಜ್ವರ ಬಂದಾಗ ಹಾಗೆ ಹೊದಿಸಿದ್ದು ನೆನಪಿಲ್ಲ. ಮರುದಿನ ಹೋಗಿ ನೋಡಿದರೆ ಹೂವಿನ ಸುತ್ತ ಜನ. ನಡುವೆ ಅವನು, ಮದುಮಗನ ಹಾಗೆ. ಆಮೇಲೆ ಅವಳು ಆ ಕಡೆ ಕಾಲಿಡಲಿಲ್ಲ.

\* \* \*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ಹೊರಟರು. ಮೇಸ್ತ್ರಿ ಮಾತ್ರ ನಿಂತಿದ್ದ. ಬೀದಿಯಲ್ಲಿ ಕೈಗಾಡಿ.

“ತಪ್ಪು ತಿಳೀಬೇಡಿ ಅಕ್ಕಾ. ಗಿಡಗಳನ್ನ ಇನ್ನು ಇಲ್ಲಿ ನೋಡ್ಕೊಳ್ಳೋರು ಯಾರು?”

“ಇಷ್ಟು ದಿನ ಯಾರು ಅಂದ್ಕೊಂಡಿದ್ರಿ?”

ಮೇಸ್ತ್ರಿ ತಲೆ ಕೆರೆದುಕೊಂಡ. “ಅಣ್ಣ ಯಾವತ್ತೂ ಹೇಳ್ಲಿಲ್ಲ.”

“ಎಲ್ಲ ತಗೊಂಡು ಹೋಗಿ. ಆ ಮೊಗ್ಗು ಬಿಟ್ಟಿರೋದೊಂದು ಇಲ್ಲೇ ಇರಲಿ.”

“ಅದೇ ಮುಖ್ಯ ಅಕ್ಕಾ. ಹಳೇ ಕಾಲದ ತಳಿ. ತಾಯಿಗಿಡ ಒಣಗಿಹೋಯ್ತು, ಊರಿಗೆ ಉಳಿದಿರೋದು ಇದೊಂದೇ.”

“ಊರಿನ ಸೊತ್ತು ಅತ್ತಿಗೆ,” ಎಂದಳು ನಾದಿನಿ, ಮೆಲ್ಲಗೆ.

“ನಿಮ್ಮಣ್ಣನೂ ಊರಿನ ಸೊತ್ತೇ ಆಗಿದ್ರು. ವಾಪಸ್ ಕೇಳಿದ್ನಾ ನಾನು?” ಎಂದು ಮೇಸ್ತ್ರಿಯ ಕಡೆ ತಿರುಗಿದಳು. “ನೆಡೋಕೆ ಕಡ್ಡಿ ಬೇಕಾದ್ರೆ ಕತ್ತರಿಸ್ಕೊಳ್ಳಿ. ಬೇರು ಇಲ್ಲಿರುತ್ತೆ.”

ಅವನು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಉಳಿದ ಕುಂಡಗಳೊಂದಿಗೆ ಗಾಡಿ ತಳ್ಳಿಕೊಂಡು ಹೋದ.

ಅವಳು ಹಿತ್ತಿಲಲ್ಲಿ ಗುಂಡಿ ತೋಡಿದಳು. ಕಲ್ಲೆತ್ತಿ ಕುಂಡಕ್ಕೆ ಹೊಡೆದಳು. ಚೂರುಗಳೆಲ್ಲ ಕಳಚಿ ಬಿದ್ದ ಮೇಲೂ ಬೇರು ಸುತ್ತಿ ಸುತ್ತಿ ಕುಂಡದ ಆಕಾರದಲ್ಲೇ ನಿಂತಿತ್ತು. ಅವಳು ನೆಲಕ್ಕೆ ಕೂತು, ಕೂದಲಿನ ಸಿಕ್ಕು ಬಿಡಿಸುವ ಹಾಗೆ, ಒಂದೊಂದೇ ಎಳೆಯನ್ನು ಬೆರಳಿನಿಂದ ಬಿಡಿಸತೊಡಗಿದಳು.