ಆವಿಗೆಯಮ್ಮನ ಎಡೆ

ಬುನ್‌ವೊನ್‌ನ ನದಿದಂಡೆಯಲ್ಲಿ ಪಿಂಗಾಣಿ ಸುಡುವ ಅರಮನೆ ಆವಿಗೆಗೆ ಬೆಂಕಿ ಹಚ್ಚುವ ಮೇಸ್ತ್ರಿ ಗಪ್‌ದಲ್, ತಾನೇ ಒಳಗೆ ಜೋಡಿಸಿದ್ದ, ಇನ್ನೂ ಸುಡದ ಗಂಜಿ ಬಟ್ಟಲುಗಳನ್ನು ತಾನೇ ಹೊರಗೆ ತೆಗೆಯುತ್ತಿದ್ದ. ಅರಮನೆಯ ಪಿಂಗಾಣಿ ತುಂಬಿದ ಮೇಲೆ ಉಳಿಯುವ ಹಿಂದಿನ ಮೂಲೆ ಕುಂಬಾರರದ್ದು. ಅಲ್ಲಿ ಸುಟ್ಟಿದ್ದನ್ನು ಮಾರಿದರೆ ಬಾರ್ಲಿ. ಹೆತ್ತು ಮಲಗಿದ್ದ ಅವನ ಮಗಳು ಉನ್‌ನ್ಯೊಗೆ ಹಸಿವಿನಿಂದ ಎದೆಹಾಲು ಬತ್ತಿತ್ತು.

ಆ ಮೂಲೆಗೀಗ ಮೇಲ್ವಿಚಾರಕ ಹಾನ್‌ನ ಗೆಳೆಯರಿಗೆಂದು ಪೀಚ್ ಹಣ್ಣಿನಾಕಾರದ, ನೀಲಿ ಚಿತ್ತಾರದ ನೀರುಗಿಂಡಿಗಳು ಬಂದಿದ್ದವು. ಗೆಳೆಯರೆಲ್ಲ ವಿದ್ವಾಂಸರು. ಗಿಂಡಿಯಿಂದ ಮಸಿಕಲ್ಲಿಗೆ ನಾಲ್ಕು ಹನಿ ಬಿಟ್ಟು, ಮಸಿ ತೇಯ್ದು, ಪ್ರಜೆಗಳ ಹಸಿವಿನ ಬಗ್ಗೆ ದೊರೆಗೆ ಬಿನ್ನಹ ಬರೆಯುವವರು.

"ಈ ಗಿಂಡಿಗಳನ್ನ ಮುಂದಿನ ಸಲಕ್ಕೆ ಇಡೋಣ್ವಾ ಒಡೆಯಾ?" ಗಪ್‌ದಲ್ ಹಾನ್‌ನನ್ನು ಕೇಳಿದ.

"ತಿಂಗಳ ಕೊನೆಗೆ ಅರಮನೆಗೆ ದೋಣಿ ಹೊರಡುತ್ತೆ ಕಣೋ. ನಿನ್ನ ಗಂಜಿ ಬಟ್ಟಲಿಗೇನು ಅವಸರ?"

"ಅವಸರ ಗಂಜಿಗೆ, ಒಡೆಯಾ."

ಹಾನ್ ಬೀಸಣಿಗೆ ಆಡಿಸಿದ.

ಆವಿಗೆಯ ಬಾಯಲ್ಲಿ ಆವಿಗೆಯಮ್ಮನ ಎಡೆಗಿಟ್ಟ ಅಕ್ಕಿ ಕಡುಬು ಹಬೆಯಾಡುತ್ತಿತ್ತು. ಗಪ್‌ದಲ್ ಅಡ್ಡಬಿದ್ದ. ಏಳಲು ಮಂಡಿ ಒಪ್ಪಲಿಲ್ಲ. ಬಿದ್ದಲ್ಲೇ ಕೈಚಾಚಿ ಕಡುಬನ್ನು ತಲೆವಸ್ತ್ರದಲ್ಲಿ ಸುತ್ತಿ ಅಳಿಯ ಪಾನ್‌ಸ್ವೆಗೆ ಕೊಟ್ಟ.

"ಉನ್‌ನ್ಯೊಗೆ ತಿನ್ನಿಸಿ ಬಾ."

"ಮಾವಾ, ಎಡೆ ಮುಟ್ಟಿಬಿಟ್ರಲ್ಲಾ! ಆವಿಗೆಯಮ್ಮ ಸಿಟ್ಟಾಗ್ತಾಳೆ!"

"ಆಗ್ಲಿ ಬಿಡು. ಸಿಟ್ಟಾಗೋಕೆ ಅವಳಿಗಾದ್ರೂ ತ್ರಾಣ ಇದೆ."

ಪಾನ್‌ಸ್ವೆ ಓಡಿದ. ಎಡೆಯಿಲ್ಲದ ಆವಿಗೆಗೆ ಬೆಂಕಿ ತಾಗಿಸುವ ಕುಂಬಾರ ಆ ಊರಲ್ಲಿ ಹುಟ್ಟಿರಲಿಲ್ಲ.

"ಮೂಢರಾ! ಯಾರಾದ್ರೂ ಹಚ್ರೋ!" ಹಾನ್ ಕೂಗಿದ.

ಸುತ್ತ ಕೂತಿದ್ದ ಕುಂಬಾರರಲ್ಲಿ ಯಾರೂ ಏಳಲಿಲ್ಲ. ಧೈರ್ಯದಿಂದಲ್ಲ, ಬೆಳಗಿನಿಂದ ಸೌದೆ ಹೊತ್ತವರಿಗೆ ಕೂತದ್ದೇ ಸುಖವಾಗಿತ್ತು. ಸೌದೆರಾಶಿಗೆ ಒರಗಿದ್ದ ಮುದುಕನೊಬ್ಬ ಗೊಣಗಿದ:

"ನಾವು ಹಚ್ಚಿದ್ರೆ ಕೈ ಬಿದ್ದೋಗುತ್ತೆ ಒಡೆಯಾ. ತಾವೇ ಹಚ್ಚಿ, ತಮ್ಮದು ಓದಿದ ಕೈ."

"ಚಾವಟಿ ತರಿಸ್ತೀನಿ!"

"ತರಿಸಿ," ಎಂದ ಗಪ್‌ದಲ್. "ಹೇಗೂ ಸ್ವಲ್ಪ ಮಲಗಬೇಕು ಅಂತಿದ್ದೆ."

ಹಾನ್ ಕೂತವರನ್ನು ನೋಡಿದ, ಬೆಂಕಿಯಿಲ್ಲದ ಆವಿಗೆಯನ್ನು ನೋಡಿದ. ಅರಮನೆಯ ಪಿಂಗಾಣಿಗೆ ದೋಣಿ ತಪ್ಪಿದರೆ ಹೊಣೆ ಅವನದೇ. ಕೊನೆಗೆ ಹೊಸ ಎಡೆಗೆ ತನ್ನ ಮನೆಯಿಂದಲೇ ಅಕ್ಕಿ ತರಲು ಆಳನ್ನಟ್ಟಿದ.

"ಅಷ್ಟರಲ್ಲಿ ನಮ್ಮ ಮೂಲೆ ಖಾಲಿ ಮಾಡ್ಲಾ?" ಗಪ್‌ದಲ್ ಕೇಳಿದ.

ಹಾನ್ ಬೀಸಣಿಗೆ ಮಡಚಿದ. ಕಾಣದವನಂತೆ ನದಿಯ ಕಡೆ ಮುಖ ತಿರುಗಿಸಿದ.

ಗಿಂಡಿಗಳು ಹೊರಬಂದವು, ಬಟ್ಟಲುಗಳು ಒಳಹೋದವು. ಯಾರೂ ಕೇಕೆ ಹಾಕಲಿಲ್ಲ. ಮುಂದಿನ ಸಲವೂ ಇದೇ ಜಗಳ, ಅದಕ್ಕೂ ಎದ್ದು ಬರಬೇಕು.

ಓಡಿ ಬಂದ ಪಾನ್‌ಸ್ವೆ ಆವಿಗೆಯ ಒಳಗೆ ಇಣುಕಿದ. "ತಿಂದ್ಲು ಮಾವಾ. ಪೂರ್ತಿ."

ಗಪ್‌ದಲ್ ತಲೆಯಾಡಿಸಿದ. ಕೊನೆಯ ಬಟ್ಟಲು ಇಟ್ಟು, ದಣಿವಿಗೆ ಹೊರಬರಲಾರದೆ, ತಣ್ಣನೆಯ ಗೋಡೆಗೆ ತಲೆಯಾನಿಸಿ ಅಲ್ಲೇ ಕೂತ.