ಎಡಗಾಲಿನ ಮೇಲೆ ಕೂರುವುದು

ಫಿಸಿಯೋಥೆರಪಿಸ್ಟ್ ಹೆಗಾಜಿಯ ಕೈಗುಣ ಈಜಿಪ್ಟಿನ ಪೋರ್ಟ್ ಸೈದ್ ಊರಿಗೆಲ್ಲ ಗೊತ್ತು. ಬಂದರಿನಲ್ಲಿ ಮೂಟೆ ಹೊತ್ತು ಹೆಗಲು ಜಾರಿಸಿಕೊಂಡವರು, ಬಲೆ ಎಳೆದು ಸೊಂಟ ಹಿಡಿದುಕೊಂಡವರು, ಬೀದಿಯಲ್ಲಿ ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಂಡವರು, ಎಲ್ಲರಿಗೂ ಅವನೇ ಬೇಕು. ಎಕ್ಸ್‌ರೇ ಲಕೋಟೆ ಹಿಡಿದು ಬಂದವರ ಲಕೋಟೆಯನ್ನು ಅವನು ಪಕ್ಕಕ್ಕಿಟ್ಟು ಮೊದಲು ಕೈ ಇಡುತ್ತಿದ್ದ. ಕೈ ಹೇಳಿದ ಮೇಲೇ ಲಕೋಟೆ ಬಿಚ್ಚುವುದು. ಒಳಗೆ ಬಹುಮಟ್ಟಿಗೆ ಕೈ ಹೇಳಿದ್ದೇ ಇರುತ್ತಿತ್ತು. ಇಂಥ ಮನುಷ್ಯನ ಬೆರಳುಗಳಿಗೆ ಜೋಮು ಹಿಡಿದರೆ ಏನು ಮಾಡಬೇಕು? ಯಾರಿಗಾದರೂ ಹೇಳಬೇಕು. ಹೆಗಾಜಿ ಹೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಬಲಗೈ ಹೆಬ್ಬೆರಳಿನಿಂದ ಶುರುವಾಯಿತು. ಆಮೇಲೆ ಪಕ್ಕದ ಬೆರಳುಗಳು, ಆಮೇಲೆ ಎಡಗೈ. ಕತ್ತಿನಲ್ಲಿ ನರ ಅದುಮಿಕೊಂಡಿದೆ ಎಂದು ಅವನಿಗೇ ಗೊತ್ತಿತ್ತು. ಆಯುಷ್ಯವೆಲ್ಲ ಬೇರೆಯವರ ಮೈ ಮೇಲೆ ಬಗ್ಗಿ ನಿಂತವನ ಕತ್ತು ಇನ್ನೇನಾದೀತು? ಬೇರೆ ಯಾರಾದರೂ ಹೀಗೆ ಬಂದಿದ್ದರೆ "ಇಷ್ಟು ದಿನ ಏನು ಕತ್ತೆ ಕಾಯ್ತಿದ್ದೆಯಾ?" ಎಂದು ಬೈದು ಆಪರೇಷನ್ನಿಗೆ ಓಡಿಸುತ್ತಿದ್ದ. ತನ್ನ ವಿಷಯಕ್ಕೆ ಬಂದಾಗ ಮಾತ್ರ, ನೋಡೋಣ ಎಂದುಕೊಂಡ. ನೋಡುತ್ತಲೇ ಬೇಸಿಗೆ ಬಂತು.

ಮನೆಯಲ್ಲಿ ಬೂರಿ ಮೀನು ಸುಟ್ಟ ದಿನ ಮುಳ್ಳು ಬಿಡಿಸಿ ಹೆಂಡತಿ ಇನ್ಸಾಫಳ ತಟ್ಟೆಗೆ ಹಾಕುವುದು ಮದುವೆಯಾದಾಗಿನಿಂದ ಹೆಗಾಜಿಯ ಕೆಲಸ. ಮಾತಾಡುತ್ತ, ತಟ್ಟೆಯ ಕಡೆ ನೋಡದೆಯೇ ಬಿಡಿಸುತ್ತಿದ್ದ. ಈಗ ಅವಳ ಬಾಯಿಗೆ ಮುಳ್ಳು ಸಿಗತೊಡಗಿತು.

"ನನ್ನ ಮೇಲೆ ಸಿಟ್ಟಿದ್ರೆ ಬಾಯಲ್ಲಿ ಹೇಳು ಹೆಗಾಜಿ. ಹೀಗೆ ಗಂಟಲಿಗೆ ಮುಳ್ಳು ಇಳಿಸಿ ಕೊಲ್ಲಬೇಡ."

"ಮೀನೇ ಸರಿಯಿಲ್ಲ."

"ಮೀನು ಸರಿಯಾಗೇ ಇದೆ. ಸರಿಯಿಲ್ಲದ್ದು ಯಾರು ಅಂತ ನನಗೆ ಗೊತ್ತು."

ಅಷ್ಟಕ್ಕೇ ಬಿಟ್ಟಳು. ಮುಂದಿನ ಸಲದಿಂದ ತನ್ನ ಮುಳ್ಳನ್ನು ತಾನೇ ಬಿಡಿಸಿಕೊಂಡಳು. ಹೆಗಾಜಿಗೆ ಬೇಜಾರಾಗಬೇಕಿತ್ತು, ಆಗಲಿಲ್ಲ. ಬೆರಳಿನ ಜೋಮು ತೋಳು ಹತ್ತಿ ಎದೆಗೂ ಇಳಿದಿತ್ತೋ ಏನೋ, ಈಚೆಗೆ ಯಾವುದೂ ಅವನಿಗೆ ತಟ್ಟುತ್ತಿರಲಿಲ್ಲ. ಹೆದರಿಕೆ ಕೂಡ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಅದಾದರೂ ಅವನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋಗುತ್ತಿತ್ತು.

ಸಂಜೆ ಹೊತ್ತು ಅವನ ಕೆಲಸ ಹ್ಯಾಂಡ್‌ಬಾಲ್ ಕ್ಲಬ್ಬಿನಲ್ಲಿ. ಆ ತಂಡಕ್ಕೆ ಶಿಹಾಬ್ ಎಂಬವನೇ ಆಧಾರ. ಬಲಗೈಯಲ್ಲಿ ಚೆಂಡು, ಎಡಗಾಲು ಊರಿ ನೆಗೆತ. ಅವನು ಮೇಲೆ ಹೋದರೆ ಗೋಲ್‌ಕೀಪರ್ ಸುಮ್ಮನೆ ಕೈ ಎತ್ತಿ ನಿಲ್ಲಬೇಕು. ತಿಂಗಳ ಹಿಂದೆ ನೆಗೆದವನು ಇಳಿಯುವಾಗ ಆ ಎಡ ಮಂಡಿ ತಿರುಚಿತು. ಹೆಗಾಜಿ ಐಸ್ ಇಟ್ಟ, ಪಟ್ಟಿ ಸುತ್ತಿದ, ಊತ ಇಳಿದ ಮೇಲೆ ರಬ್ಬರ್ ಪಟ್ಟಿ ಕಟ್ಟಿ ಕಾಲು ಎಳೆಸಿದ, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರಿಸಿ ತೊಡೆ ನಡುಗುವವರೆಗೆ ನಿಲ್ಲಿಸಿದ. ಬರುವ ಗುರುವಾರ ಕೈರೋದವರೊಂದಿಗೆ ಪಂದ್ಯ. ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ಆರಿಸುವವರು ಶಿಹಾಬನನ್ನು ನೋಡಲೆಂದೇ ಬರುತ್ತಿದ್ದರು. ಹಿಂದೊಮ್ಮೆ ಕರೆ ಬಂದಾಗ ಅವನ ಹೆಗಲು ಕೈಕೊಟ್ಟಿತ್ತು. ಮೂವತ್ತರ ಹತ್ತಿರ ಬಂದವನನ್ನು ಇನ್ನೊಮ್ಮೆ ಯಾರೂ ಕರೆಯುವುದಿಲ್ಲ. ಇದು ಶಿಹಾಬನಿಗೂ ಗೊತ್ತು, ಹೆಗಾಜಿಗೂ ಗೊತ್ತು.

ಸೋಮವಾರ ಹೆಗಾಜಿ ಆ ಮಂಡಿಯನ್ನು ಪರೀಕ್ಷಿಸಿದ. ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆ ಜಗ್ಗಬೇಕು. ಒಳಗಿನ ಲಿಗಮೆಂಟ್ ಗಟ್ಟಿಯಿದ್ದರೆ ಬಿಗಿದ ಹಗ್ಗದ ಹಾಗೆ ಅಲ್ಲೇ ನಿಲ್ಲುತ್ತದೆ. ಹರಿದಿದ್ದರೆ ಮೆತ್ತಗೆ ಜಾರಿ ಬರುತ್ತದೆ. ಆ ಜಾರುವುದು ಎಷ್ಟೋ ಸಲ ಕಣ್ಣಿಗೆ ಕಾಣದು, ಕೈಗೇ ಗೊತ್ತಾಗಬೇಕು. ಹೆಗಾಜಿ ಜಗ್ಗಿದ. ಏನೂ ಗೊತ್ತಾಗಲಿಲ್ಲ. ಹಿಡಿತ ಬದಲಿಸಿ ಮತ್ತೆ ಜಗ್ಗಿದ. ದಪ್ಪ ಕೈಗವಸು ತೊಟ್ಟು ಹಿಡಿದ ಹಾಗಿತ್ತು. ಆಗ ಅವನು ಶಿಹಾಬನ ಮುಖ ನೋಡಿದ. ಶಿಹಾಬ್ ಚಾವಣಿ ನೋಡುತ್ತ ಮಲಗಿದ್ದ.

"ಎಲ್ಲಾದ್ರೂ ನೋವಾಗುತ್ತಾ?"

"ಅಲ್‌ಹಮ್ದುಲಿಲ್ಲಾ, ಡಾಕ್ಟ್ರೇ."

ಈ ಊರಿನಲ್ಲಿ ಮಂಡಿ ನುಚ್ಚುನೂರಾದವನೂ ಹೇಳುವುದು ಇದನ್ನೇ, ದೇವರ ದಯೆ ಎಂದು. ದೇವರ ಮುಂದೆ ದೂರು ಹೇಳಿಕೊಂಡ ಹಾಗಾಗಬಾರದಲ್ಲ. ಅದಕ್ಕೇ ಹೆಗಾಜಿ ಬಾಯಿಯ ಮಾತನ್ನು ಯಾವತ್ತೂ ನಂಬಿದವನಲ್ಲ, ಕೈಯನ್ನೇ ನಂಬಿದವನು. ಅವತ್ತು ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಕೋಚ್ ಲುತ್ಫಿ ಬಾಗಿಲಲ್ಲಿ ತಲೆ ಹಾಕಿ "ಏನು ಡಾಕ್ಟ್ರೇ, ನಮ್ಮ ಕುದುರೆ ಓಡುತ್ತಾ?" ಎಂದು ಕೇಳಿದಾಗ, "ಗಟ್ಟಿಯಾಗಿದೆ, ಆಡಿಸು" ಎಂದುಬಿಟ್ಟ. ಲುತ್ಫಿ ಶಿಳ್ಳೆ ಹಾಕುತ್ತ ಹೋದ.

ಬುಧವಾರ ಅಭ್ಯಾಸಕ್ಕೆ ಮೊದಲು, ದಿನವೂ ನಡೆಯುವ ಹಾಗೆ, ಇಳಿಹೊತ್ತಿನ ಅಸರ್ ನಮಾಜಿಗೆ ಎಲ್ಲರೂ ಕ್ಲಬ್ಬಿನ ಒಳ ಓಣಿಯಲ್ಲಿ ಚಾಪೆ ಹಾಸಿದರು. ಹೆಗಲಿಗೆ ಹೆಗಲು ತಾಗಿಸಿ ನಿಂತ ಸಾಲಿನಲ್ಲಿ ಹೆಗಾಜಿಯ ಬಲಕ್ಕೆ ಶಿಹಾಬ್. ನಮಾಜಿನಲ್ಲಿ ಕಣ್ಣು ಹಣೆ ಇಡುವ ಜಾಗದ ಮೇಲಿರಬೇಕು, ಪಕ್ಕದವನ ಮೇಲಲ್ಲ. ಹೆಗಾಜಿಯ ಕಣ್ಣೂ ಅಲ್ಲೇ ಇತ್ತು. ಆದರೆ ಹಣೆ ಎತ್ತಿ ಎಲ್ಲರೂ ಕೂತಾಗ, ಮಡಿಸಿದ ಎಡಗಾಲುಗಳ ಸಾಲಿನಲ್ಲಿ ಒಂದು ಎಡಗಾಲು ಮುಂದಕ್ಕೆ ಚಾಚಿಕೊಂಡು ಅವನ ಚಾಪೆಯ ಅಂಚಿಗೆ ಬಂತು. ಎಡಗಾಲನ್ನು ಮಡಿಸಿ, ಅದರ ಮೇಲೆ ಭಾರ ಬಿಟ್ಟು ಕೂರುವುದು ಹುಟ್ಟಿದಾಗಿನಿಂದ ಎಲ್ಲರಿಗೂ ರೂಢಿ. ಶಿಹಾಬ್ ಬಲಗಾಲಿನ ಮೇಲೆ ಕೂತಿದ್ದ. ಏಳುವಾಗ ಅಂಗೈ ಊರಿ, ಉಸಿರು ಕಟ್ಟಿ ಎದ್ದ. ಕೊನೆಯಲ್ಲಿ ಎಲ್ಲರೂ ಬಲಕ್ಕೆ ಮುಖ ತಿರುಗಿಸಿ ಸಲಾಂ ಹೇಳಿದಾಗ ಹೆಗಾಜಿಗೆ ಕಂಡದ್ದು ಅವನ ಕಿವಿಯ ಹಿಂದೆ ಇಳಿಯುತ್ತಿದ್ದ ಬೆವರು. ಅಭ್ಯಾಸ ಇನ್ನೂ ಶುರುವೇ ಆಗಿರಲಿಲ್ಲ.

ಮಂಡಿ ನೋವಿರುವವರು ಕುರ್ಚಿಯ ಮೇಲೆ ಕೂತು ನಮಾಜು ಮಾಡಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ಪಂದ್ಯದ ಹಿಂದಿನ ದಿನ ಶಿಹಾಬ್ ಕುರ್ಚಿ ಹಾಕಿಕೊಂಡರೆ ದೇವರು ಒಪ್ಪುತ್ತಾನೆ, ಲುತ್ಫಿ ಒಪ್ಪುವುದಿಲ್ಲ.

ಹೆಗಾಜಿ ಅವನನ್ನು ಚಿಕಿತ್ಸೆಯ ಕೋಣೆಗೆ ಕರೆದು ಬಾಗಿಲು ಹಾಕಿದ. "ಯಾವಾಗಿಂದ ಹಾಗೆ ಕೂರ್ತಿದ್ದೀಯ?"

"ನಮಾಜಲ್ಲಿ ನೀವು ನನ್ನ ಕಾಲು ನೋಡ್ಕೊಂಡು ಕೂತಿದ್ರಾ?" ಶಿಹಾಬ್ ನಕ್ಕ. "ಅದು ದೇವರು ನೋಡೋದು ಡಾಕ್ಟ್ರೇ. ನೀವು ನೋಡಬೇಕಾಗಿದ್ದು ಸೋಮವಾರ, ಈ ಮೇಜಿನ ಮೇಲೆ."

"ಸೋಮವಾರ ಯಾಕೆ ಹೇಳಲಿಲ್ಲ?"

"ನೀವು ಜಗ್ಗಿದಾಗ ಜೀವ ಬಾಯಿಗೆ ಬಂತು. ಹಲ್ಲು ಕಚ್ಚಿ ಮಲಗಿದ್ದೆ, ಈಗ ಸಿಕ್ಕಿಬಿದ್ದೆ ಅಂತ. ನೋಡಿದ್ರೆ ನೀವು ಗಟ್ಟಿ ಅಂದ್ರಿ. ಪಾಪ, ನನ್ನ ಮೇಲೆ ಕನಿಕರ ಬಂದಿರಬೇಕು ಅಂದ್ಕೊಂಡೆ." ಅವನು ಮೇಜಿನ ಅಂಚಿಗೆ ಕೂತು ಎಡಗಾಲನ್ನು ಮೆಲ್ಲಗೆ ಚಾಚಿದ. "ಆಮೇಲೆ ರೌಫನ ಬೆನ್ನು ಜ್ಞಾಪಕ ಬಂತು."

ರೌಫ್ ತಂಡದ ಗೋಲ್‌ಕೀಪರ್. ಈಚೆಗೆ ಹೆಗಾಜಿ ಶಾಖದ ಚೀಲ ಇಟ್ಟಾಗ ಅವನ ಬೆನ್ನು ಸುಟ್ಟು ಬೊಬ್ಬೆ ಎದ್ದಿತ್ತು. ಚೀಲ ಕಾಯಿಸುವ ಯಂತ್ರದ ತಪ್ಪು ಎಂದು ಹೆಗಾಜಿ ಎಲ್ಲರಿಗೂ ಹೇಳಿದ್ದ.

"ನಾನು ಪಕ್ಕದ ಮೇಜಿನ ಮೇಲಿದ್ದೆ. ಆ ಚೀಲಾನ ಕುದಿಯೋ ನೀರಿಂದ ಬರಿಗೈಲಿ ಎತ್ತಿದ್ರಿ, ಡಾಕ್ಟ್ರೇ. ಮುಖ ಒಂಚೂರೂ ಸಿಂಡರಿಸಲಿಲ್ಲ." ಶಿಹಾಬನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಿಮ್ಮ ಕೈ, ನನ್ನ ಮಂಡಿ, ಎರಡೂ ಗುರುವಾರ ದಾಟಲಿ. ಶುಕ್ರವಾರ ನೀವು ಹೇಳಿದ ಕಡೆ ಬಂದು ಕುಯ್ಯಿಸ್ಕೋತೀನಿ."

"ಪೂರ್ತಿ ಹರಿದ್ರೆ ಆಮೇಲೆ ಆಟವೇ ಇಲ್ಲ."

"ಈಗ ಕೂತ್ರೂ ಇಲ್ಲ. ಎರಡೂ ಒಂದೇ. ಆಡಿಯಾದ್ರೂ ಹೋಗಲಿ."

ಹೆಗಾಜಿ ಹೋಗಿ ಬಾಗಿಲು ತೆಗೆದ. ಶಿಹಾಬ್ ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಗೆ ಹೋದ. ಎಂಥ ಒಪ್ಪಂದ ನೋಡಿ, ಒಬ್ಬ ಕುಂಟ, ಒಬ್ಬ ಕೈಸತ್ತವ. ಹೆಗಾಜಿ ಆ ಸಂಜೆ ಉಳಿದವರ ಕಾಲು ತಿಕ್ಕಿದ, ಪಟ್ಟಿ ಸುತ್ತಿದ, ಮನೆಗೆ ಹೋಗಿ ಊಟ ಮಾಡಿದ. ನಾಚಿಕೆಯಾಗುತ್ತದೇನೋ ಎಂದು ಕಾದ. ಅದೂ ಬರಲಿಲ್ಲ.

ಗುರುವಾರ ಪಂದ್ಯಕ್ಕೆ ಮೊದಲು ಅವನು ಲುತ್ಫಿಯನ್ನು ಓಣಿಯಲ್ಲಿ ತಡೆದು ನಿಲ್ಲಿಸಿದ. ಯಾಕೆ ನಿಲ್ಲಿಸಿದ ಎಂದು ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ. ಮನಸ್ಸು ಕರಗಿ ಏನಲ್ಲ. ಇಷ್ಟು ವರ್ಷದ ಅಭ್ಯಾಸ, ಕಂಡದ್ದನ್ನು ಹೇಳಿಬಿಡುವುದು.

"ಶಿಹಾಬನ್ನ ಆಡಿಸಬೇಡ. ಮಂಡಿ ಸರಿಯಿಲ್ಲ."

ಲುತ್ಫಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಡಾಕ್ಟ್ರೇ, ಸೋಮವಾರ ಗಟ್ಟಿ ಅಂದವರು ಯಾರು? ನಿಮ್ಮ ಅಣ್ಣನಾ?"

"ನಾನೇ. ಆದ್ರೆ ನಿನ್ನೆ ನಮಾಜಲ್ಲಿ ನೋಡಿದೆ. ಎಡಗಾಲಿನ ಮೇಲೆ ಕೂರೋಕೆ ಆಗ್ತಿಲ್ಲ ಅವನಿಗೆ."

"ನಿಮ್ಮ ಕೈ ಒಂದು ಹೇಳುತ್ತೆ, ಕಣ್ಣು ಒಂದು ಹೇಳುತ್ತೆ. ನಾನು ಯಾವುದನ್ನ ನಂಬಲಿ? ಈ ಊರಲ್ಲಿ ಎಲ್ಲರೂ ನಿಮ್ಮ ಕೈ ನಂಬ್ತಾರೆ. ಸೋಮವಾರ ಆ ಕೈಗೇನಾಗಿತ್ತು?"

ಹೇಳಲು ಒಂದೇ ಮಾತಿತ್ತು. ಹೆಗಾಜಿ ಅದನ್ನು ಬಿಟ್ಟು, "ಗಡಿಬಿಡಿಯಲ್ಲಿದ್ದೆ" ಎಂದ.

ಲುತ್ಫಿ ತಲೆ ಕೊಡವಿ ಶಿಹಾಬನನ್ನು ಕೂಗಿದ. ಶಿಹಾಬ್ ಅಂಗಿ ತೊಟ್ಟು, ಬೂಟು ಕಟ್ಟಿ, ಚೆಂಡು ಜಾರದಂತೆ ಕೈಗೆ ಅಂಟು ಹಚ್ಚಿಕೊಂಡು ಸಿದ್ಧವಾಗಿದ್ದ. ಅವನ ಹಿಂದೆಯೇ ಇಡೀ ತಂಡ ಬಂತು.

"ಡಾಕ್ಟ್ರು ಹೇಳ್ತಾರೆ ನಿನಗೆ ನಮಾಜಿನ ಹಾಗೆ ಕೂರೋಕೆ ಆಗಲ್ಲವಂತೆ. ನಿಜವಾ?"

"ನಿನ್ನೆ ಕಾಲು ಜೋಮು ಹಿಡಿದಿತ್ತು, ಕ್ಯಾಪ್ಟನ್."

"ಹಾಗಾದ್ರೆ ಬೂಟು ಬಿಚ್ಚಿ ಇಲ್ಲಿ ಕೂತು ತೋರಿಸು. ಮುಗೀತು ಜಗಳ."

ಮುದುಕ ರೆಫರಿಯೊಬ್ಬ "ಅದೇನು ಸರ್ಕಸ್ಸಾ ಲುತ್ಫಿ, ನಮಾಜು ಅದು" ಎಂದ. ಲುತ್ಫಿ ಕೇಳಿಸಿಕೊಳ್ಳಲಿಲ್ಲ. ಶಿಹಾಬ್ ಬೂಟು ಬಿಚ್ಚಲಿಲ್ಲ, ಹೆಗಾಜಿಯ ಕಡೆ ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ನೀವು ಆ ಒಂದು ಮಾತು ಹೇಳಿದರೆ ನಾನು ಇದನ್ನು ಮಾಡಬೇಕಾಗಿಲ್ಲ ಎಂದು ಕಾಯುವ ನೋಟ. ಸೋಮವಾರದ ಪರೀಕ್ಷೆ ಪರೀಕ್ಷೆಯೇ ಅಲ್ಲ, ನನ್ನ ಕೈ ಸತ್ತಿದೆ ಎಂದು ಹೆಗಾಜಿ ಹೇಳಿದ್ದರೆ ಲುತ್ಫಿ ಆ ಕ್ಷಣವೇ ಶಿಹಾಬನನ್ನು ಬೆಂಚಿಗೆ ಕೂರಿಸುತ್ತಿದ್ದ. ಶಿಹಾಬ್ ಜಗಳವಾಡುತ್ತಿದ್ದ, ಅಳುತ್ತಿದ್ದ, ಹೆಗಾಜಿಗೆ ಶಾಪ ಹಾಕುತ್ತಿದ್ದ, ಆದರೆ ಕಾಲಿಗೆ ಇದ್ದಷ್ಟು ಬಲವಾದರೂ ಉಳಿಯುತ್ತಿತ್ತು.

ಹೆಗಾಜಿ ತನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಶಿಹಾಬ್ ಬೂಟು ಬಿಚ್ಚಿದ. ಓಣಿಯಲ್ಲಿದ್ದ ನಮಾಜಿನ ಚಾಪೆಯ ಮೇಲೆ ಮಂಡಿಯೂರಿದ. ಬಲಪಾದವನ್ನು ನೆಟ್ಟಗೆ ನಿಲ್ಲಿಸಿ, ಎಡಗಾಲನ್ನು ಕೆಳಗೆ ಮಡಿಸಿ, ಮೆಲ್ಲಮೆಲ್ಲಗೆ ಭಾರ ಬಿಟ್ಟ. ಪೂರ್ತಿ ಕೂತ. ತುಟಿ ಬೆಳ್ಳಗಾಗಿತ್ತು, ಆದರೂ ತಲೆ ಎತ್ತಿ ಲುತ್ಫಿಯನ್ನು ನೋಡಿ "ಸಾಕಾ, ಕ್ಯಾಪ್ಟನ್?" ಎಂದ.

"ಸಾಕು. ಏಳು."

ಏಳಲು ಹೋದಾಗ ಒಳಗೆ ಏನೋ ಲಟಕ್ಕೆಂದಿತು. ಓಣಿಯ ಆ ತುದಿಯಲ್ಲಿದ್ದವರಿಗೂ ಕೇಳಿಸಿತು. ಶಿಹಾಬ್ ಪಕ್ಕಕ್ಕೆ ಉರುಳಿದ. ಕಾಲು ಮಡಿಸಿದ್ದು ಮಡಿಸಿದ ಹಾಗೇ ಸಿಕ್ಕಿಕೊಂಡಿತ್ತು, ನೆಟ್ಟಗಾಗುತ್ತಿರಲಿಲ್ಲ. ಅವನು ಕಿರುಚಲಿಲ್ಲ, ಚಾಪೆಯ ಅಂಚನ್ನು ಹಿಡಿದು ಮುಖ ಒತ್ತಿಕೊಂಡ.

ಎಲ್ಲರೂ ಹೆಗಾಜಿಗೆ ಜಾಗ ಬಿಟ್ಟರು. ಅವನು ಕೂತು ಎರಡೂ ಕೈಗಳಿಂದ ಆ ಮಂಡಿಯನ್ನು ಹಿಡಿದ. ಹರಿದದ್ದು ಲಿಗಮೆಂಟೋ, ಮೂಳೆಗಳ ನಡುವಿನ ಮೆತ್ತೆಯೋ, ಎಲ್ಲಿ ಸಿಕ್ಕಿಕೊಂಡಿದೆ, ಯಾವ ಕಡೆ ತಿರುಗಿಸಬೇಕು, ಒಂದೂ ಕೈಗೆ ಬರಲಿಲ್ಲ. ತಂಡವೆಲ್ಲ ಅವನ ಬೆರಳುಗಳನ್ನೇ ನೋಡುತ್ತ ನಿಂತಿತ್ತು.

"ಹೇಳಿ ಡಾಕ್ಟ್ರೇ, ಏನಾಗಿದೆ?" ಲುತ್ಫಿ ಅವನ ಹೆಗಲ ಮೇಲೆ ಬಗ್ಗಿದ.

"ಗೊತ್ತಾಗ್ತಿಲ್ಲ," ಎಂದ ಹೆಗಾಜಿ. "ನನ್ನ ಕೈಗೆ ಸ್ಪರ್ಶ ಇಲ್ಲ. ಚಳಿಗಾಲದಿಂದ ಇಲ್ಲ. ಸೋಮವಾರಾನೂ ಇರಲಿಲ್ಲ. ಬೇರೆ ಯಾರನ್ನಾದ್ರೂ ಕರೀರಿ."

ಯಾರೋ ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದರು. ಒಳಗೆ ಮೈದಾನದಲ್ಲಿ ಜನ ತಮಟೆ ಬಾರಿಸಿ ಶಿಹಾಬನ ಹೆಸರು ಕೂಗುತ್ತಿದ್ದರು. ಶಿಹಾಬ್ ಚಾಪೆಯಿಂದ ಮುಖ ಎತ್ತಿದ.

"ಈಗ ಹೇಳಿದ್ದನ್ನ ಒಂದು ನಿಮಿಷ ಮುಂಚೆ ಹೇಳಿದ್ದಿದ್ರೆ," ಎಂದ, "ನಿಮಗೆ ಎಲ್ಲಾದ್ರೂ ನೋವಾಗ್ತಿತ್ತಾ ಡಾಕ್ಟ್ರೇ?"

ಹೆಗಾಜಿ ನಿಜವಾಗಿಯೂ ಯೋಚಿಸಿ ನೋಡಿದ. ಆಗುತ್ತಿರಲಿಲ್ಲ.